ಬೆಳಗಿನ ಮೂರೂವರೆಗೆ ಬಿಟ್ಟ ವಿಮಾನ ಅದೇ ಮಧ್ಯಾಹ್ನ ಅಮೆರಿಕ ಮುಟ್ಟುವುದು ಹೇಗೆ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ಮಗಳ ಬಾಣಂತನಕ್ಕಂತ ಜನವರಿಯಾಗ ನಾನು, ನಮ್ಮ ಯಜಮಾನರು ಸ್ಯಾನ್ ಫ್ರಾನ್ಸಿಸ್ಕೊಕ್ಕ ಹೊಂಟೀವಿ. ಬೆಂಗಳೂರಿಂದ ದುಬೈ ಮೇಲಾಸಿ ಟಿಕೆಟ್ ಐತಿ. ಬೆಳಗಿನ 3.30ಕ್ಕ ಬಿಟ್ಟು ಅದೇ ದಿನ ಮಧ್ಯಾಹ್ನ 1ಕ್ಕ ಇಳೀತೈತಿ ಅಂತ ಬರದೈತಿ, ಅಂದ್ರ ಒಂಬತ್ತೂವರೆ ತಾಸು. ಕೆಳಗ ನೋಡಿದ್ರ 23 ತಾಸು ಅಂತ ಐತಿ. ಜೂನಿನಾಗ ವಾಪಸ್ ಬರೂಮುಂದ ಮಂಗಳವಾರ ಸಂಜಿ 4ಕ್ಕ ಬಿಟ್ಟದ್ದು ಗುರುವಾರ ನಸುಕಿನಾಗ 3ಕ್ಕ ಬೆಂಗಳೂರು! ದೂರ ಎಷ್ಟು ಅಂತ ಮೊಬೈಲಿನಾಗ ನೋಡಿದ್ರ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,560. ಭೂಗೋಳ ಕಲಿಸಿದ ನಮ್ಮ ಯಜಮಾನರು ‘ಅಮೆರಿಕ ಪಶ್ಚಿಮಕ್ಕೈತಿ, ವಿಮಾನ ಯಾಕ ಉತ್ತರ ಧ್ರುವದ ಕಡೆ ಹೋಗ್ತೈತಿ’ ಅಂತ ಕೇಳಾಕತ್ತಾರ. ಅವರಿಗೆ 70, ಶುಗರ್ ಐತಿ. ನಮ್ಮ ಮನಿಯಿಂದ ಮಗಳ ಮನಿಗೆ ಖರೇನ ಎಷ್ಟು ತಾಸು?

ಉತ್ತರ: ತಾಯೀ, ನಿಮ್ಮ ಟಿಕೆಟ್ಟಿನಲ್ಲಿ ತಪ್ಪೇನೂ ಇಲ್ಲ. ಮೊಬೈಲಿನ ಮೂರೂ ಅಂಕಿಗಳು ಸರಿಯೇ. ವಿಮಾನಗಳ ಹಾದಿ ಯೋಜಿಸುವ ಕೆಲಸದಲ್ಲಿ ಹಲವು ವರ್ಷ ಕಳೆದು ಈಗ ಧಾರವಾಡಕ್ಕೆ ಮರಳಿದ್ದೇನೆ. ಮಕ್ಕಳ ಕಡೆಗೆ ಹೊರಟ ತಂದೆತಾಯಂದಿರು ಹೆಚ್ಚು ಕೇಳುವುದು ಇದನ್ನೇ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಗಡಿಯಾರ. ಟಿಕೆಟ್ಟಿನ ಮೇಲೆ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ 13 ತಾಸು 30 ನಿಮಿಷ ಹಿಂದೆ ಇರುತ್ತದೆ. ನೀವು ಎಣಿಸಿದ ಒಂಬತ್ತೂವರೆಗೆ ಈ ಹದಿಮೂರೂವರೆ ಕೂಡಿಸಿ, 23 ಬಂತು. ಅಲ್ಲಿಯವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಹೀಗಾಗಿ ಜೂನಿನಲ್ಲಿ ಅಂತರ ಹನ್ನೆರಡೂವರೆ ತಾಸು ಮಾತ್ರ. ಮಂಗಳವಾರ ಸಂಜೆ 4ರಿಂದ ಗುರುವಾರ ನಸುಕಿನ 3ರವರೆಗೆ 35 ತಾಸು. ಅದರಲ್ಲಿ ಹನ್ನೆರಡೂವರೆ ಕಳೆಯಿರಿ, ಉಳಿದದ್ದು ಇಪ್ಪತ್ತೆರಡೂವರೆ. ಹೋಗುವುದೂ ಬರುವುದೂ ಹೆಚ್ಚುಕಡಿಮೆ ಒಂದೇ ಅಂತ ಈಗ ಕಾಣುತ್ತದೆ. ಮಗಳಿಗೆ ಫೋನ್ ಮಾಡುವ ಹೊತ್ತೂ ಮಾರ್ಚಿನಲ್ಲಿ ಒಂದು ತಾಸು ಸರಿಯುತ್ತದೆ. ಊರಿನಲ್ಲಿ ಉಳಿದ ಬಂಧುಗಳಿಗೆ ಇದನ್ನು ಮೊದಲೇ ಹೇಳಿಡಿ.

ಆ ಅರ್ಧ ತಾಸಿನ ಬಾಲ ನಮ್ಮ ಕಡೆಯದು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಗದಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಿಮ್ಮೂರಿನ ನೆತ್ತಿಯ ಮೇಲೆ ಸೂರ್ಯ ಬರುವುದು ಸರಾಸರಿ ಹನ್ನೆರಡೂವರೆಯ ಹೊತ್ತಿಗೆ. ಯಜಮಾನರು ತರಗತಿಯಲ್ಲಿ ಕೋಲು ನೆಟ್ಟು ನೆರಳು ಅಳೆಸಿದ್ದರೆ ಅವರಿಗೆ ಇದು ಗೊತ್ತಿದ್ದದ್ದೇ.

ಇನ್ನು ದೂರ. 14,000 ಎಂಬುದು ಕಿಲೋಮೀಟರು, 8,700 ಎಂಬುದು ರಸ್ತೆಯ ಮೈಲಿ, 7,560 ಎಂಬುದು ನಾಟಿಕಲ್ ಮೈಲಿ. ವಿಮಾನ ಮತ್ತು ಹಡಗಿನವರು ಬಳಸುವುದು ಈ ಕೊನೆಯದನ್ನು, ಒಂದಕ್ಕೆ 1.852 ಕಿ.ಮೀ. ಭೂಮಿಯ ಮೇಲಿನ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿ. ಮೂರೂ ಒಂದೇ ದೂರ, ಅಳತೆಗೋಲು ಬೇರೆ. ಕೆಲವು ಕಡೆ 13,990 ಅಂತ, ಕೆಲವು ಕಡೆ 14,000ಕ್ಕೆ ಸ್ವಲ್ಪ ಮೇಲೆ ಕಂಡರೆ ಅದಕ್ಕೂ ಗಾಬರಿ ಬೇಡ. ಭೂಮಿಯನ್ನು ಪೂರ್ಣ ಗುಂಡಗೆ ಎಂದು ಹಿಡಿದರೆ ಒಂದು ಉತ್ತರ, ಧ್ರುವಗಳಲ್ಲಿ ತುಸು ಚಪ್ಪಟೆ ಎಂದು ಹಿಡಿದರೆ ಇನ್ನೊಂದು. ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357.

ಯಜಮಾನರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದಕ್ಕೆ ಉತ್ತರ ಅವರ ಶಾಲೆಯ ಕಪಾಟಿನಲ್ಲೇ ಇದೆ. ಗ್ಲೋಬ್ ತೆಗೆದುಕೊಂಡು ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಲಿ. ದಾರ ತಾನಾಗಿ ಜಾರಿ ಉತ್ತರಕ್ಕೆ ಏರುತ್ತದೆ. ಪೆಸಿಫಿಕ್ ಸಾಗರ ನಡುವೆ ಬರುವ ಗೋಡೆಯ ನಕ್ಷೆಯಲ್ಲಿ ಎರಡೂ ಊರಿನ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದು ಆ ದಿಕ್ಕಿಗೇ ಹಾರಿದರೆ ಸುಮಾರು 16,000 ಕಿ.ಮೀ. ಆಗುತ್ತದೆ. ದಾರ ತೋರಿಸುವ ಹಾದಿ 14,000. ಎರಡು ಸಾವಿರ ಕಿಲೋಮೀಟರು ಉಳಿತಾಯ, ಅಂದರೆ ಎರಡು ತಾಸಿಗೂ ಹೆಚ್ಚು. ಈ ದಾರದ ಹಾದಿಗೆ ಮಹಾವೃತ್ತ ಎನ್ನುತ್ತಾರೆ. ಗುಂಡಗಿನ ನೆಲವನ್ನು ಚಪ್ಪಟೆ ಕಾಗದದ ಮೇಲೆ ಹಾಸುವಾಗ ಧ್ರುವದ ಕಡೆಯ ನೆಲವನ್ನು ಹಿಗ್ಗಿಸಲೇಬೇಕಾಗುತ್ತದೆ. ಅದಕ್ಕೇ ನಕ್ಷೆಯಲ್ಲಿ ಆ ಹಾದಿ ಸುತ್ತುಬಳಸಿನಂತೆ ಕಾಣುತ್ತದೆ.

ಆ ದಾರ ಯಾವ ಊರುಗಳ ಮೇಲೆ ಹಾಯುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಿಂದ ಹೊರಟು ಹೈದರಾಬಾದಿನ ಪೂರ್ವಕ್ಕೆ, ಛತ್ತೀಸಗಡದ ಮೇಲೆ, ಕಾಶಿಗೆ ಸುಮಾರು ಐವತ್ತು ಕಿಲೋಮೀಟರು ಪಶ್ಚಿಮದಲ್ಲಿ ಗಂಗೆಯನ್ನು ದಾಟಿ, ನೇಪಾಳದ ಅನ್ನಪೂರ್ಣ ಶಿಖರಗಳ ಆಸುಪಾಸಿನಲ್ಲಿ ಹಿಮಾಲಯ ಹತ್ತುತ್ತದೆ. ಆಮೇಲೆ ಟಿಬೆಟ್, ಸೈಬೀರಿಯಾ. 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ ಅಮೆರಿಕದ ಕಡೆಗೆ ಇಳಿಯುತ್ತದೆ. ಪಶ್ಚಿಮದ ದೇಶ ಅನ್ನುತ್ತೇವೆ, ಆದರೆ ಬೆಂಗಳೂರಿನಲ್ಲಿ ನಿಂತವನಿಗೆ ಸ್ಯಾನ್ ಫ್ರಾನ್ಸಿಸ್ಕೊ ಇರುವುದು ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ.

ಆದರೆ ದಾರದ ಹಾದಿಯಲ್ಲೇ ವಿಮಾನ ಹೋಗುವುದಿಲ್ಲ. ನನ್ನ ಕೆಲಸದ ಹೆಚ್ಚಿನ ಪಾಲು ಇದ್ದದ್ದೇ ಇಲ್ಲಿ. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು, ಜನ ಆಮ್ಲಜನಕದ ಮುಖವಾಡವಿಲ್ಲದೆ ಉಸಿರಾಡಬಲ್ಲ ಎತ್ತರ ಅದು. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ! ಹಾಗಾಗಿ ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿ ಹೋಗುತ್ತಾರೆ. ಎರಡು ಎಂಜಿನ್ನಿನ ವಿಮಾನವಾದರೆ ಹಾದಿಯ ಯಾವ ಬಿಂದುವಿನಿಂದಲೂ ಒಂದೇ ಎಂಜಿನ್ನಿನಲ್ಲಿ ನಿಗದಿತ ಹೊತ್ತಿನೊಳಗೆ ಮುಟ್ಟಬಹುದಾದ ನಿಲ್ದಾಣವೊಂದು ಇರಲೇಬೇಕು. 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಅಂಥ ಊರುಗಳ ಹೆಸರು ನಮ್ಮ ಯೋಜನೆಯ ಹಾಳೆಯಲ್ಲಿ ಹೊರಡುವ ಮೊದಲೇ ಬರೆದಿರುತ್ತದೆ. ಇದರ ಮೇಲೆ ಯುದ್ಧ, ದೇಶದೇಶಗಳ ಜಗಳ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಅಮೆರಿಕ, ಯುರೋಪಿನ ಕಡೆ ಹೋಗುವ ನಮ್ಮ ವಿಮಾನಗಳ ಪ್ರಯಾಣ ಒಮ್ಮೆಲೇ ಉದ್ದವಾಯಿತು. ಊರುಗಳು ಇದ್ದಲ್ಲೇ ಇದ್ದವು, ಹಾದಿ ಮಾತ್ರ ಬೆಳೆಯಿತು.

ಎಲ್ಲಕ್ಕಿಂತ ದೊಡ್ಡದು ಗಾಳಿ. ಕಪ್ಪತಗುಡ್ಡದ ಗಾಳಿಯಂತ್ರಗಳ ನೆರಳಿನಲ್ಲಿ ಬದುಕುವ ನಿಮಗೆ ಗಾಳಿಯ ಬಲ ನಾನು ಹೇಳಬೇಕಾಗಿಲ್ಲ. ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಮುಂಡರಗಿಯ ಹಾದಿ ಹೋಗುವಾಗ ಒಂದು ದೂರ, ಬರುವಾಗ ಇನ್ನೊಂದು. ಮೇಲೆ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹ ಎಂಬ ಗಾಳಿಯ ಹೊಳೆ ಇದೆ. ಚಳಿಗಾಲದಲ್ಲಿ ಕೆಲವೆಡೆ ಅದರ ವೇಗ ತಾಸಿಗೆ 300 ಕಿ.ಮೀ. ದಾಟುತ್ತದೆ. 1920ರ ದಶಕದಲ್ಲೇ ಜಪಾನಿನ ವಾಸಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಲೋಕವೆಲ್ಲ ಓದಲಿ ಎಂದು ತಮ್ಮ ವರದಿಯನ್ನು ಎಸ್ಪೆರಾಂಟೊದಲ್ಲಿ, ಎಲ್ಲ ದೇಶದವರಿಗೂ ಒಂದು ಸಾಮಾನ್ಯ ಭಾಷೆ ಇರಲೆಂದು ಕಟ್ಟಿದ ಭಾಷೆಯಲ್ಲಿ, ಬರೆದರು. ಆ ಭಾಷೆ ಬಲ್ಲವರು ತೀರ ಕಡಿಮೆ, ಹೀಗಾಗಿ ಅದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅವರ ನೆನಪಾದಾಗಲೆಲ್ಲ ನನಗೆ ಮರುಕವೂ ಗೌರವವೂ ಒಟ್ಟಿಗೇ ಬರುತ್ತವೆ.

ಲೆಕ್ಕ ಮಾಡಿ ನೋಡಿ. ದೊಡ್ಡ ವಿಮಾನ ಗಾಳಿಯಲ್ಲಿ ತಾಸಿಗೆ ಸುಮಾರು 900 ಕಿ.ಮೀ. ಚಲಿಸುತ್ತದೆ. 14,000 ಕಿ.ಮೀ.ಗೆ ಹದಿನೈದೂವರೆ ತಾಸು. ಹಾದಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಎದುರಾದರೆ ನೆಲದ ಮೇಲಿನ ವೇಗ 800ಕ್ಕೆ ಇಳಿದು ಹದಿನೇಳೂವರೆ ತಾಸು ಬೇಕಾಗುತ್ತದೆ. ಅದಕ್ಕೇ ಬೆಂಗಳೂರಿನಿಂದ ನೇರ ಹೋಗುತ್ತಿದ್ದ ವಿಮಾನ ಗಾಳಿಯ ಬೆನ್ನೇರಲು ಪೂರ್ವಕ್ಕೆ, ಜಪಾನಿನ ಕಡೆಯಿಂದ ಪೆಸಿಫಿಕ್ ಸಾಗರದ ಮೇಲೆ ಹೋಗುತ್ತಿದ್ದುದುಂಟು. ಬರುವಾಗ ಅದೇ ಗಾಳಿಯನ್ನು ತಪ್ಪಿಸಿಕೊಳ್ಳಲು ಇನ್ನೂ ಉತ್ತರಕ್ಕೆ ಏರುತ್ತಿದ್ದುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಮೇಲಿಂದ ತಂದರು. 9ನೇ ತಾರೀಖು ರಾತ್ರಿ ಹೊರಟು 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿದರು. ನಡುವಿನ 10ನೇ ತಾರೀಖು ಎಲ್ಲಿ ಹೋಯಿತು ಎಂದು ಕೇಳುವವರಿಗೆ ನಿಮ್ಮ ವಾಪಸ್ ಟಿಕೆಟ್ಟೇ ಉತ್ತರ. ಆ ಹಾದಿಯಲ್ಲಿ ಇನ್ನೊಂದು ಎಚ್ಚರವೂ ಬೇಕು. ವಿಮಾನದ ಇಂಧನವೂ ಹೆಪ್ಪುಗಟ್ಟುತ್ತದೆ, ಅಮೆರಿಕದಲ್ಲಿ ತುಂಬಿಸುವ ಬಗೆಯದಕ್ಕೆ ಮೈನಸ್ 40 ಡಿಗ್ರಿ ಗಡಿ. ಹೊರಗೆ ಅದಕ್ಕಿಂತ ಎಷ್ಟೋ ಹೆಚ್ಚು ಚಳಿ. ಟ್ಯಾಂಕಿನ ಉಷ್ಣತೆ ನೋಡುತ್ತಲೇ ಇದ್ದು, ಬೇಕಾದರೆ ಕೆಳಗಿನ ಎತ್ತರಕ್ಕೆ ಇಳಿಯುತ್ತಾರೆ.

ನಿಮ್ಮದು ದುಬೈ ಹಾದಿ. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ., ದುಬೈ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,000, ಒಟ್ಟು 15,700. ಫ್ರಾಂಕ್‌ಫರ್ಟ್ ಮೂಲಕ ಹೋದರೆ 16,550, ಸಿಂಗಪುರದ ಮೂಲಕ 16,750ರಷ್ಟು. ದೂರ ಬಹಳ ಹೆಚ್ಚಲಿಲ್ಲ ನೋಡಿ. ಹೊತ್ತು ತಿನ್ನುವುದು ನಡುವಿನ ಕಾಯುವಿಕೆ ಮತ್ತು ಎರಡನೇ ಸಲ ಏರಿಳಿಯುವ ಕೆಲಸ. ಟಿಕೆಟ್ಟಿನ ಹೊತ್ತು ಹಾರುವ ಹೊತ್ತಷ್ಟೇ ಅಲ್ಲ. ವಿಮಾನ ಗೇಟು ಬಿಟ್ಟು ಕದಲಿದ್ದರಿಂದ ಮತ್ತೊಂದು ಗೇಟಿನಲ್ಲಿ ನಿಲ್ಲುವವರೆಗಿನ ಲೆಕ್ಕ ಅದು, ಬ್ಲಾಕ್ ಟೈಮ್ ಅನ್ನುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಬೆಂಗಳೂರು ನಿಲ್ದಾಣಕ್ಕೆ ಆಕಾಶದಲ್ಲಿ 370 ಕಿ.ಮೀ. ಅಷ್ಟೇ. 800ರ ವೇಗದಲ್ಲಿ 28 ನಿಮಿಷ ಆಗಬೇಕು, ಟಿಕೆಟ್ಟಿನಲ್ಲಿ ಒಂದು ತಾಸಿನ ಮೇಲೆ ಇರುತ್ತದೆ. ಉಳಿದದ್ದೆಲ್ಲ ಉರುಳುವುದು, ಏರುವುದು, ಸರದಿಗೆ ಕಾಯುವುದು.

‘ಹುಬ್ಬಳ್ಳಿಯಿಂದಲೇ ಅಮೆರಿಕ ವಿಮಾನ ಯಾಕಿಲ್ಲ’ ಎಂದು ಕೇಳುವವರೂ ಇದ್ದಾರೆ. ಆ ಮೊದಲ ನೇರ ಹಾರಾಟಕ್ಕೆ ಬಳಸಿದ್ದು ಬೋಯಿಂಗ್ 777-200ಎಲ್‌ಆರ್, ತುಂಬು ಹೊರೆಯಲ್ಲಿ ಸುಮಾರು 347 ಟನ್ ತೂಗಬಲ್ಲದು. ಹದಿನೇಳು ತಾಸಿನ ಇಂಧನ ಹೊತ್ತು ಏಳಲು ಬಹಳ ಉದ್ದದ ಓಟ ಬೇಕು, ಹುಬ್ಬಳ್ಳಿಯ ರನ್‌ವೇ ಅಷ್ಟು ಉದ್ದವಿಲ್ಲ. ಹುಬ್ಬಳ್ಳಿಯ ನಮ್ಮ ಸಿದ್ಧಾರೂಢರ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ರೈಲಿನದರಲ್ಲಿ ಜಗತ್ತಿಗೇ ಉದ್ದ. ಬೆಂಗಳೂರಿನ ಎರಡೂ ರನ್‌ವೇಗಳು 4,000 ಮೀಟರ್, ಅಂಥ ಪ್ಲಾಟ್‌ಫಾರ್ಮ್ ಎರಡೂವರೆ ಜೋಡಿಸಿದಷ್ಟು.

ಈಗ ನೀವು ಕೇಳಿದ ಖರೇ ಲೆಕ್ಕ. ಮನೆಯಿಂದ ಹುಬ್ಬಳ್ಳಿ ಒಂದೂವರೆ ತಾಸು, ಅಲ್ಲಿ ಕಾಯುವುದು ಒಂದು, ಬೆಂಗಳೂರಿಗೆ ರೈಲು ಏಳೂವರೆ, ರೈಲು ನಿಲ್ದಾಣದಿಂದ ದೇವನಹಳ್ಳಿಗೆ ಎರಡು, ವಿಮಾನ ನಿಲ್ದಾಣದಲ್ಲಿ ನಾಲ್ಕು. ಆಮೇಲೆ ಟಿಕೆಟ್ಟಿನ 23. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಬ್ಯಾಗು ಒಂದೂವರೆ, ಮಗಳ ಮನೆಗೆ ಕಾರು ಒಂದು. ಒಟ್ಟು ನಲವತ್ತೊಂದೂವರೆ ತಾಸು! ಅದರಲ್ಲಿ ವಿಮಾನದ ಒಳಗೆ ಕಳೆಯುವುದು 20. ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆಯೇ.

ಹುಬ್ಬಳ್ಳಿಯಿಂದ ವಿಮಾನ ಹಿಡಿದರೆ ಇದೇ ಲೆಕ್ಕ ಸುಮಾರು 35ಕ್ಕೆ ಇಳಿಯುತ್ತದೆ. ದುಬೈ ಬಿಟ್ಟು ನೇರ ವಿಮಾನ ಸಿಕ್ಕರೂ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ, ಏಳು ತಾಸು. ಜನ ಆ ಏಳು ತಾಸಿಗಾಗಿ ಹಗಲುರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾರೆ, ಈ ಕಡೆಯ ಏಳು ತಾಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 70 ದಾಟಿದ ಮೊಣಕಾಲಿಗೆ ರೈಲಿನ ಏಳು ತಾಸೂ ವಿಮಾನದ ಏಳು ತಾಸೂ ಒಂದೇ.

ಆದರೂ ಒಂದು ಮಾತು. ಹುಬ್ಬಳ್ಳಿ–ಬೆಂಗಳೂರು ಟಿಕೆಟ್ ಬೇರೆಯಾಗಿ ತೆಗೆಸಿದ್ದರೆ ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು ನೀವೇ ಮತ್ತೆ ಕೊಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯವರು ಹೊಣೆ ಹೊರುವುದಿಲ್ಲ. ಜನವರಿಯ ನಸುಕಿನಲ್ಲಿ ದೇವನಹಳ್ಳಿಗೆ ಮಂಜು ಕವಿಯುತ್ತದೆ. ಆದ್ದರಿಂದ ಹಿಂದಿನ ದಿನವೇ ಹೋಗಿ ಬೆಂಗಳೂರಿನ ಬಂಧುಗಳ ಮನೆಯಲ್ಲಿ ಒಂದು ನಿದ್ದೆ ಮಾಡಿ. ನಿಮ್ಮ ವಯಸ್ಸಿಗೆ ನಾನು ಇದನ್ನೇ ಒತ್ತಿ ಹೇಳುವುದು.

ತಾರೀಖು ಮಾತ್ರ ಎರಡು ಸಲ ನೋಡಿಕೊಳ್ಳಿ. ಬೆಳಗಿನ 3.30 ಎಂದರೆ ಹಿಂದಿನ ರಾತ್ರಿ ಹನ್ನೆರಡರೊಳಗೆ ನಿಲ್ದಾಣದಲ್ಲಿ ಇರಬೇಕು. ನಮ್ಮ ಚಿಕ್ಕಪ್ಪ ಟಿಕೆಟ್ಟಿನ ಮೇಲಿದ್ದ ತಾರೀಖಿನ ರಾತ್ರಿ ಹೋದರು. ವಿಮಾನ ಆ ದಿನದ ನಸುಕಿನಲ್ಲೇ ಹೋಗಿಯಾಗಿತ್ತು. ಚಿಕ್ಕಮ್ಮ ಕಟ್ಟಿಕೊಟ್ಟಿದ್ದ ಬುತ್ತಿ ಹಿಡಿದು ನಿಲ್ದಾಣದ ಹೊರಗೆ ಕುಳಿತಿದ್ದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಂದಿನಿಂದ ಯಾರು ಟಿಕೆಟ್ ತೋರಿಸಿದರೂ ನಾನು ಮೊದಲು ನೋಡುವುದು ತಾರೀಖು ಇರುವ ಮೂಲೆಯನ್ನೇ.

ಯಜಮಾನರ ಶುಗರ್ ವಿಷಯಕ್ಕೆ ಹೇಳುವೆ. ಔಷಧವನ್ನು ತಾರೀಖಿನ ಲೆಕ್ಕದಲ್ಲಿ ತೆಗೆದುಕೊಳ್ಳಬೇಡಿ, ತಾಸಿನ ಲೆಕ್ಕ ಹಿಡಿಯಿರಿ. ಮಗಳ ಮನೆ ಮುಟ್ಟುವವರೆಗೆ ಕೈಗಡಿಯಾರವನ್ನು ಭಾರತದ ಹೊತ್ತಿಗೇ ಬಿಡಿ. ಮೇಲಿನ ನಲವತ್ತೊಂದೂವರೆ ತಾಸಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ, ಯಾವ ತಾಸಿಗೆ ಊಟ, ಯಾವ ತಾಸಿಗೆ ಮಾತ್ರೆ ಅಥವಾ ಇನ್ಸುಲಿನ್ ಎಂದು ಅವರಿಂದಲೇ ಬರೆಸಿಕೊಳ್ಳಿ. ಔಷಧ, ಚೀಟಿ ಎರಡೂ ಕೈಚೀಲದಲ್ಲಿ ಇರಲಿ, ಕೆಳಗೆ ಹಾಕುವ ಬ್ಯಾಗಿನಲ್ಲಿ ಬೇಡ. ನಾಲ್ಕು ತಾಸಿಗಿಂತ ಹೆಚ್ಚು ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ತಾಸು ಎರಡು ತಾಸಿಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಗಾಲಿಕುರ್ಚಿಗೆ ಈಗಲೇ ಹೇಳಿಡಿ. ಅದಕ್ಕೆ ಸಂಕೋಚ ಬೇಡ, ದುಬೈ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದು ಬಹಳ.

ಕಿಟಕಿಯ ಬಳಿಯ ಸೀಟು ಯಜಮಾನರಿಗೆ ಬಿಟ್ಟುಕೊಡಿ. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ರೇಖಾಂಶದಲ್ಲಿ ಹೆಚ್ಚುಕಡಿಮೆ ಎದುರುಬದುರು, ನಡುವೆ 178 ಡಿಗ್ರಿಯಷ್ಟು ಅಂತರ. ಹೀಗಾಗಿ ಅಲ್ಲಿ ದಾರ ಎಳೆದರೆ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಗಾಳಿ ಒಪ್ಪಿದ ದಿನ ವಿಮಾನವೂ ಅದರ ಆಸುಪಾಸಿಗೇ ಏರುತ್ತದೆ. ದುಬೈಯಿಂದ ಬೆಳಗಿನ ಬಿಸಿಲಲ್ಲಿ ಹೊರಡುತ್ತೀರಿ. ಐದಾರು ತಾಸಿನ ಹೊತ್ತಿಗೆ ರಷ್ಯಾದ ಉತ್ತರದಲ್ಲಿ ಸೂರ್ಯ ದಿಗಂತಕ್ಕೆ ಜಾರುತ್ತಾನೆ, ಕೈಗಡಿಯಾರ ಸಂಜೆ ನಾಲ್ಕೋ ಐದೋ ತೋರಿಸುತ್ತಿರುತ್ತದೆ. ಜನವರಿಯಲ್ಲಿ ಧ್ರುವದ ಸುತ್ತ ಹಗಲೇ ಇಲ್ಲ, ಮುಂದಿನ ಕೆಲವು ತಾಸು ಕತ್ತಲೆಯಲ್ಲೇ ಹಾರುತ್ತೀರಿ. ಆಕಾಶ ತಿಳಿಯಾಗಿದ್ದು ಅದೃಷ್ಟವಿದ್ದರೆ ಧ್ರುವಪ್ರಭೆ ಎಂಬ ಹಸಿರು ಬೆಳಕಿನ ಪರದೆಯೂ ಕಂಡೀತು. ಕೆನಡಾದ ಮೇಲೆ ದಕ್ಷಿಣಕ್ಕೆ ಇಳಿಯುವಾಗ ಸೂರ್ಯ ಮತ್ತೆ ಎಡಗಡೆಯಿಂದ ಏಳುತ್ತಾನೆ, ಅದೇ ತಾರೀಖಿನ ಎರಡನೇ ಬೆಳಗು. ಅದಕ್ಕೇ ಎಡಗಡೆಯ ಕಿಟಕಿಯನ್ನೇ ಕೇಳಿ.